ಐಟೆನ್ಸರ್ ವಿಮರ್ಶೆ: ಉತ್ತರ ತಪ್ಪದೆ ಬರುತ್ತದೆ, ಸರಿಯೋ ಅಲ್ಲವೋ ನೀವೇ ನೋಡಬೇಕು

ಒಂದರ ಮೇಲೊಂದು ಪ್ರಭಾವ ಬೀರುವ ನೂರಾರು ಕಣಗಳ ಕ್ವಾಂಟಮ್ ಲೆಕ್ಕಕ್ಕೆ ಇಳಿದವರಿಗೆ ಮೊದಲು ಅಡ್ಡ ಬರುವುದು ಕಂಪ್ಯೂಟರಿನ ಮೆಮೊರಿ. ಅರ್ಧ ಸ್ಪಿನ್‌ಗಳ, ಅಂದರೆ ಮೇಲೆ-ಕೆಳಗೆ ಎಂಬ ಎರಡೇ ನೆಲೆಗಳಿರುವ ಪುಟ್ಟ ಕಾಂತಗಳ, ಒಂದು ಸರಪಳಿ ತೆಗೆದುಕೊಳ್ಳಿ. 20 ಸ್ಪಿನ್ ಇದ್ದರೆ ಇಡೀ ಸ್ಥಿತಿಯನ್ನು ಬರೆದಿಡಲು 8 ಎಂಬಿ ಚಿಲ್ಲರೆ ಸಾಕು. 30 ಆದರೆ 8.6 ಜಿಬಿ. 40ಕ್ಕೆ ಹೋದರೆ 8.8 ಟಿಬಿ. ಒಟ್ಟು ಸ್ಪಿನ್ ಸೊನ್ನೆ ಇರುವ ಭಾಗವನ್ನಷ್ಟೇ ಇಟ್ಟುಕೊಂಡರೆ 30ರ ಲೆಕ್ಕ 1.24 ಜಿಬಿಗೆ ಇಳಿಯುತ್ತದೆ, ನಿಜ. ಆದರೆ ಆ ಉಪಾಯ ಇನ್ನು ಎರಡು ಮೂರು ಸ್ಪಿನ್ ಮುಂದಕ್ಕೆ ಕರೆದೊಯ್ಯುತ್ತದೆ, ಅಷ್ಟೆ. ನೂರು ಸ್ಪಿನ್ ಬೇಕೆಂದರೆ ದಾರಿಯನ್ನೇ ಬದಲಿಸಬೇಕು.

ಹಾಗೆ ದಾರಿ ಬದಲಿಸಿದವರು ಇಂದು ಹೆಚ್ಚಾಗಿ ಬಳಸುವ ಸಾಧನಗಳಲ್ಲಿ ಐಟೆನ್ಸರ್ ಒಂದು. ನ್ಯೂಯಾರ್ಕಿನ ಫ್ಲಾಟಿರಾನ್ ಇನ್‌ಸ್ಟಿಟ್ಯೂಟ್‌ನ ಆಶ್ರಯದಲ್ಲಿ ಬೆಳೆದ ಉಚಿತ, ಮುಕ್ತ ತಂತ್ರಾಂಶ ಇದು. ಮ್ಯಾಥ್ಯೂ ಫಿಶ್‌ಮನ್, ಸ್ಟೀವನ್ ವೈಟ್, ಮೈಲ್ಸ್ ಸ್ಟೌಡನ್‌ಮೈರ್ ಮೂವರು ಇದರ ಕುರಿತ ಪ್ರಬಂಧವನ್ನು 2022ರಲ್ಲಿ ಪ್ರಕಟಿಸಿದರು. ಹಳೆಯ ಸಿ++ ಆವೃತ್ತಿಯೂ ಇದೆ, ಜೂಲಿಯಾ ಭಾಷೆಯದೂ ಇದೆ. ಹೊಸದಾಗಿ ಶುರು ಮಾಡುವವರು ಕಣ್ಣು ಮುಚ್ಚಿ ಜೂಲಿಯಾದ್ದನ್ನೇ ತೆಗೆದುಕೊಳ್ಳಬಹುದು. ಈ ವಿಮರ್ಶೆಯೂ ಅದರದ್ದೇ.

ತೀರ್ಪು ಮೊದಲೇ ಹೇಳಿಬಿಡೋಣ. ಒಂದು ಆಯಾಮದ ಸರಪಳಿ, ಎರಡು ಮೂರು ಕಾಲಿನ ಏಣಿ, ಕಿರಿದಾದ ಸಿಲಿಂಡರ್ ಇವಿಷ್ಟಕ್ಕೆ ಇದು ಐದಕ್ಕೆ ನಾಲ್ಕೂವರೆ ಅಂಕದ ಸಾಧನ. ಉಳಿದ ಅರ್ಧ ಅಂಕ ಕಳೆದದ್ದು ಒಂದೇ ಕಾರಣಕ್ಕೆ. ಇದಕ್ಕೆ ಏನು ಕೊಟ್ಟರೂ ಹನ್ನೆರಡು ದಶಮಾಂಶದ ಒಂದು ಶಕ್ತಿಮೌಲ್ಯವನ್ನು ಮುದ್ರಿಸುತ್ತದೆ. ಹ್ಯಾಮಿಲ್ಟೋನಿಯನ್ (ವ್ಯವಸ್ಥೆಯ ಶಕ್ತಿಯ ಸೂತ್ರ) ತಪ್ಪಿದ್ದರೂ ಅಷ್ಟೆ, ಲೆಕ್ಕ ಅರ್ಧದಲ್ಲಿ ಸಿಕ್ಕಿಕೊಂಡಿದ್ದರೂ ಅಷ್ಟೆ. ಆ ಸಂಖ್ಯೆಯನ್ನು ನಂಬುವ ಮೊದಲು ಏನೇನು ನೋಡಬೇಕು ಎಂಬುದನ್ನು ನೀವೇ ತಿಳಿದಿರಬೇಕು.

ಒಳಗಿರುವ ವಿಧಾನದ ಹೆಸರು ಡಿಎಂಆರ್‌ಜಿ (ಡೆನ್ಸಿಟಿ ಮ್ಯಾಟ್ರಿಕ್ಸ್ ರೀನಾರ್ಮಲೈಸೇಶನ್ ಗ್ರೂಪ್): ಸ್ಥಿತಿಯ ಮುಖ್ಯ ಭಾಗವನ್ನಷ್ಟೇ ಇಟ್ಟುಕೊಂಡು ಅತಿ ಕಡಿಮೆ ಶಕ್ತಿಯ ಸ್ಥಿತಿಯನ್ನು, ಅಂದರೆ ಗ್ರೌಂಡ್ ಸ್ಟೇಟನ್ನು, ಹುಡುಕುವ ದಾರಿ. ಸ್ಟೀವನ್ ವೈಟ್ 1992ರಲ್ಲಿ ಕೊಟ್ಟದ್ದು. ಅದರ ಹಿಂದೆ ಕೆನೆತ್ ವಿಲ್ಸನ್ 1975ರಲ್ಲಿ ಕಾಂಡೋ ಸಮಸ್ಯೆಗೆ (ಲೋಹದೊಳಗಿನ ಕಾಂತೀಯ ಕಲ್ಮಶದ ಲೆಕ್ಕಕ್ಕೆ) ರೂಪಿಸಿದ ಸಂಖ್ಯಾತ್ಮಕ ರೀನಾರ್ಮಲೈಸೇಶನ್ ಇದೆ. ಆ ವಿಧಾನವನ್ನು ಆಂಡರ್ಸನ್ ಮಾದರಿಗೆ ಒಗ್ಗಿಸಿದ 1980ರ ಎರಡು ದೀರ್ಘ ಪ್ರಬಂಧಗಳ ಮೊದಲ ಲೇಖಕರು ಎಚ್. ಆರ್. ಕೃಷ್ಣಮೂರ್ತಿ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ದಶಕಗಳ ಕಾಲ ಪಾಠ ಹೇಳಿದವರು. ಅದೇ ಸಂಸ್ಥೆಯ ಎಸ್. ರಾಮಶೇಷ ಅವರ ಗುಂಪು ಡಿಎಂಆರ್‌ಜಿಯನ್ನು ಕಾಂಜುಗೇಟೆಡ್ ಪಾಲಿಮರ್‌ಗಳ ಮೇಲೆ 1990ರ ದಶಕದಲ್ಲೇ ಪ್ರಯೋಗಿಸಿತ್ತು. ಆ ಕಾಲದಲ್ಲಿ ಪ್ರತಿ ಗುಂಪೂ ಸ್ವಂತ ಫೋರ್ಟ್ರಾನ್ ಬರೆದುಕೊಳ್ಳಬೇಕಿತ್ತು. ಆಗ ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಆ ಪೂರ್ವತಯಾರಿಯನ್ನು ಐಟೆನ್ಸರ್ ಹದಿನೈದು ಸಾಲಿಗೆ ಇಳಿಸಿದೆ.

ಇನ್‌ಸ್ಟಾಲ್ ಮಾಡುವುದು ಸುಲಭ. ಜೂಲಿಯಾದ ಪ್ಯಾಕೇಜ್ ಮ್ಯಾನೇಜರ್‌ನಲ್ಲಿ ಎರಡು ಹೆಸರು ಕೊಟ್ಟರೆ ಆಯಿತು. ಎರಡು ಎಂಬುದನ್ನು ಗಮನಿಸಿ. 2024ರ ಕೊನೆಯ ಭಾಗದಲ್ಲಿ ಮ್ಯಾಟ್ರಿಕ್ಸ್ ಪ್ರಾಡಕ್ಟ್ ಸ್ಟೇಟ್‌ಗೆ (ಎಂಪಿಎಸ್: ಇಡೀ ಸ್ಥಿತಿಯನ್ನು ಸ್ಪಿನ್ನಿಗೊಂದರಂತೆ ಚಿಕ್ಕ ಟೆನ್ಸರ್‌ಗಳ, ಅಂದರೆ ಸಂಖ್ಯೆಗಳ ಕೋಷ್ಟಕಗಳ, ಸರಪಳಿಯಾಗಿ ಬರೆಯುವ ರೂಪ) ಸಂಬಂಧಪಟ್ಟ ಎಲ್ಲವನ್ನೂ ಐಟೆನ್ಸರ್ಸ್ ಪ್ಯಾಕೇಜಿನಿಂದ ಹೊರತೆಗೆದು ಐಟೆನ್ಸರ್‌ಎಂಪಿಎಸ್ ಎಂಬ ಬೇರೆ ಪ್ಯಾಕೇಜಿಗೆ ಹಾಕಿದರು. ಅದಕ್ಕಿಂತ ಹಳೆಯ ಪಾಠಗಳಲ್ಲಿ ಮೊದಲ ಹೆಸರು ಮಾತ್ರ ಇರುತ್ತದೆ. ಅದನ್ನು ಹಾಗೇ ನಕಲು ಮಾಡಿದರೆ ಡಿಎಂಆರ್‌ಜಿ ಎಂಬ ಫಂಕ್ಷನ್ನೇ ಇಲ್ಲ ಎಂಬ ಎರರ್ ಬರುತ್ತದೆ. ಎರಡನೇ ಪ್ಯಾಕೇಜನ್ನೂ ಲೋಡ್ ಮಾಡಿದರೆ ಸರಿಹೋಗುತ್ತದೆ. ಆವೃತ್ತಿ ಸಂಖ್ಯೆ ಇನ್ನೂ ಸೊನ್ನೆ ಪಾಯಿಂಟ್ ಏನೋ ಎಂದೇ ಇರುವುದರಿಂದ ಇಂಥ ಬದಲಾವಣೆಗಳು ಮುಂದೆಯೂ ಆಗುತ್ತವೆ. ಪ್ರತಿ ಪ್ರಾಜೆಕ್ಟಿಗೂ ಪ್ರತ್ಯೇಕ ಎನ್ವಿರಾನ್‌ಮೆಂಟ್ ಮಾಡಿ, ಮ್ಯಾನಿಫೆಸ್ಟ್ ಫೈಲನ್ನು ಲೆಕ್ಕದ ಫಲಿತಾಂಶದ ಜೊತೆಗೇ ಇಟ್ಟುಕೊಳ್ಳಿ. ಪ್ರಬಂಧಕ್ಕೆ ರೆಫರಿ ಪ್ರಶ್ನೆ ಕಳಿಸುವ ಹೊತ್ತಿಗೆ ಹಳೆಯ ಕೋಡ್ ಓಡದಿದ್ದರೆ ಆಗುವ ಫಜೀತಿ ಬೇಡ.

ಜೂಲಿಯಾದ ಹಳೆಯ ಕಾಯಿಲೆ ಒಂದಿದೆ. ಮೊದಲ ಸಲ ಓಡಿಸುವಾಗ ಕಂಪೈಲ್ ಆಗುತ್ತಾ ಕೂರುತ್ತದೆ. 1.9ನೇ ಆವೃತ್ತಿಯಿಂದ ಇದು ಬಹಳ ಕಡಿಮೆಯಾಗಿದೆ. ಆದರೂ ಮೊದಲ ಓಟದ ಸಮಯ ನೋಡಿ ವೇಗ ಅಳೆಯಬೇಡಿ.

ಮೊದಲ ಲೆಕ್ಕಕ್ಕೆ ಕೈಪಿಡಿಯಲ್ಲಿರುವ ಉದಾಹರಣೆಯೇ ಒಳ್ಳೆಯದು: ಸ್ಪಿನ್ 1ರ 100 ತಾಣಗಳ ಹೈಸೆನ್‌ಬರ್ಗ್ ಸರಪಳಿ (ಪಕ್ಕಪಕ್ಕದ ಸ್ಪಿನ್‌ಗಳ ಜೋಡಣೆ ಮಾತ್ರ ಇರುವ ಮಾದರಿ), ತುದಿಗಳು ತೆರೆದದ್ದು. ಸೈಟ್‌ಇಂಡ್ಸ್‌ನಿಂದ ತಾಣಗಳನ್ನು ಮಾಡಿಕೊಂಡು, ಹ್ಯಾಮಿಲ್ಟೋನಿಯನ್ ಬರೆಯುವ ಆಪ್‌ಸಮ್‌ನಲ್ಲಿ ಪ್ರತಿ ಜೋಡಿಗೂ ಮೂರು ಪದ ಸೇರಿಸಬೇಕು. ಝಡ್-ಝಡ್ ಪದಕ್ಕೆ ಗುಣಕ 1. ಎಸ್-ಪ್ಲಸ್ ಎಸ್-ಮೈನಸ್ ಹಾಗೂ ಅದರ ತಿರುವುಮುರುವಿಗೆ ತಲಾ 0.5. ಆಮೇಲೆ ಐದು ಸ್ವೀಪ್, ಅಂದರೆ ಸರಪಳಿಯುದ್ದಕ್ಕೂ ಹೋಗಿ ಬರುವ ಐದು ಸುತ್ತು. ಮ್ಯಾಕ್ಸ್‌ಡಿಮ್ ಅನ್ನು (ಬಾಂಡ್ ಡೈಮೆನ್ಶನ್‌ನ, ಅಂದರೆ ಪಕ್ಕದ ಟೆನ್ಸರ್‌ಗಳನ್ನು ಜೋಡಿಸುವ ಲಿಂಕ್‌ನ ಗಾತ್ರದ, ಮಿತಿ) 10, 20, 100, 100, 200 ಎಂದು ಏರಿಸುತ್ತಾ ಹೋಗಿ. ಕಟ್‌ಆಫ್ (ಇದಕ್ಕಿಂತ ಕಡಿಮೆ ತೂಕದ ಭಾಗವನ್ನು ಬಿಸಾಡು ಎಂಬ ಮಿತಿ) 10ರ ಮೈನಸ್ 10ನೇ ಘಾತ. ಸಾಧಾರಣ ಲ್ಯಾಪ್‌ಟಾಪ್‌ನಲ್ಲೂ ಕಾಫಿ ಸೋಸುವಷ್ಟರಲ್ಲಿ ಮುಗಿಯುತ್ತದೆ. ಶಕ್ತಿ -138.9400 ಆಸುಪಾಸಿಗೆ ಬಂದು ನಿಲ್ಲಬೇಕು.

ಮೊದಲ ಸ್ವೀಪ್‌ನಲ್ಲೇ ಮ್ಯಾಕ್ಸ್‌ಡಿಮ್ 200 ಕೊಟ್ಟರೆ ಏನಾಗುತ್ತದೆ? ಈ ಲೆಕ್ಕ ಕೆಡುವುದಿಲ್ಲ, ಸಮಯ ವ್ಯರ್ಥ, ಅಷ್ಟೆ. ಮೊದಲ ಒಂದೆರಡು ಸ್ವೀಪ್‌ನಲ್ಲಿ ಸ್ಥಿತಿ ಹೇಗೂ ಒರಟಾಗಿರುತ್ತದೆ. ಅದಕ್ಕೆ ನಯವಾದ ಲೆಕ್ಕ ಮಾಡಿ ಪ್ರಯೋಜನವಿಲ್ಲ. ಮ್ಯಾಕ್ಸ್‌ಡಿಮ್ ದುಪ್ಪಟ್ಟಾದರೆ ಸಮಯ ಎಂಟು ಪಟ್ಟು, ಮೆಮೊರಿ ನಾಲ್ಕು ಪಟ್ಟು ಎಂಬುದನ್ನು ಬಾಯಿಪಾಠ ಮಾಡಿಕೊಂಡರೆ ಎಲ್ಲಿ ಉಳಿತಾಯ, ಎಲ್ಲಿ ಖರ್ಚು ಎಂಬುದು ತಾನೇ ತಿಳಿಯುತ್ತದೆ.

ಪ್ರತಿ ಸ್ವೀಪ್ ಆದಮೇಲೆ ಪರದೆಯ ಮೇಲೆ ಒಂದು ಸಾಲು ಬರುತ್ತದೆ. ಅದರಲ್ಲಿ ಶಕ್ತಿ, ಮ್ಯಾಕ್ಸ್‌ಲಿಂಕ್‌ಡಿಮ್, ಮ್ಯಾಕ್ಸ್‌ಎರ್, ಹಿಡಿದ ಸಮಯ ಇರುತ್ತವೆ. ಹೆಚ್ಚಿನವರು ಶಕ್ತಿಯನ್ನು ಮಾತ್ರ ನೋಡುತ್ತಾರೆ. ನೋಡಬೇಕಾದದ್ದು ನಡುವಿನ ಎರಡನ್ನು. ಮ್ಯಾಕ್ಸ್‌ಲಿಂಕ್‌ಡಿಮ್ ನೀವು ಕೊಟ್ಟ ಮಿತಿಯನ್ನು ಮುಟ್ಟಿ ನಿಂತಿದ್ದರೆ ಸ್ಥಿತಿಗೆ ಇನ್ನೂ ಜಾಗ ಬೇಕಾಗಿದೆ ಎಂದರ್ಥ. ಮಿತಿಗಿಂತ ಕೆಳಗೇ ತಾನಾಗಿ ನಿಂತಿದ್ದರೆ ಕಟ್‌ಆಫ್ ಕೆಲಸ ಮಾಡುತ್ತಿದೆ. ಮ್ಯಾಕ್ಸ್‌ಎರ್ ಎಂದರೆ ಕತ್ತರಿಸಿ ಬಿಸಾಡಿದ ಭಾಗದ ತೂಕ. ಶಕ್ತಿಯ ತಪ್ಪು ಅದಕ್ಕೆ ಸರಿಸುಮಾರು ಅನುಪಾತದಲ್ಲಿರುತ್ತದೆ. ಹಾಗಾಗಿ ಒಂದೊಂದು ಮ್ಯಾಕ್ಸ್‌ಡಿಮ್‌ಗೂ ಎರಡು ಮೂರು ಸ್ವೀಪ್ ಕೊಟ್ಟು, ಶಕ್ತಿಯನ್ನು ಮ್ಯಾಕ್ಸ್‌ಎರ್ ಎದುರು ಗ್ರಾಫ್‌ನಲ್ಲಿಟ್ಟು, ಸೊನ್ನೆಯವರೆಗೆ ಗೆರೆ ಎಳೆಯುವುದು ರೂಢಿ. ಒಂದೇ ಸ್ವೀಪ್ ಕೊಟ್ಟು ಮುಂದೆ ಹೋದರೆ ಬಿಂದುಗಳು ಗೆರೆಯ ಮೇಲೆ ಕೂರುವುದಿಲ್ಲ.

ಇನ್ನು ತಪಾಸಣೆಯ ಮಾತು. ಹೊಸ ತಕ್ಕಡಿಗೆ ಗೊತ್ತಿರುವ ತೂಕದ ಕಲ್ಲಿಟ್ಟು ನೋಡುವ ಹಾಗೆ, ಉತ್ತರ ನಿಖರವಾಗಿ ಗೊತ್ತಿರುವ ಲೆಕ್ಕಗಳನ್ನು ಮೊದಲು ಹಾಕಬೇಕು. ಅರ್ಧ ಸ್ಪಿನ್ ಹೈಸೆನ್‌ಬರ್ಗ್ ಸರಪಳಿಯಲ್ಲಿ ಎರಡು ತಾಣಕ್ಕೆ -0.75, ಮೂರಕ್ಕೆ -1, ನಾಲ್ಕಕ್ಕೆ -1.616025. ನಾಲ್ಕನ್ನು ಬಿಡಬೇಡಿ, ಎರಡು ತಾಣದ ಲೆಕ್ಕಕ್ಕೆ ಲೂಪ್‌ನ ಅಂಚಿನ ತಪ್ಪು ಕಾಣುವುದಿಲ್ಲ. ಎಲೆಕ್ಟ್ರಾನ್‌ಗಳಿಗಾದರೆ ಎರಡು ತಾಣ, ಎರಡು ಎಲೆಕ್ಟ್ರಾನ್‌ನ ಹಬ್ಬರ್ಡ್ ಮಾದರಿ. ಹಾಪಿಂಗ್ (ತಾಣದಿಂದ ತಾಣಕ್ಕೆ ಜಿಗಿತ) 1, ಯು (ಒಂದೇ ತಾಣದ ಎರಡು ಎಲೆಕ್ಟ್ರಾನ್‌ಗಳ ವಿಕರ್ಷಣೆ) 8 ಇದ್ದಾಗ ಉತ್ತರ 4 ಕಳೆ ಮೂಲ 20, ಅಂದರೆ -0.472136. ಇದು ಬಾರದಿದ್ದರೆ ಮುಂದೆ ಹೋಗುವ ಮಾತೇ ಇಲ್ಲ.

ಇವೆಲ್ಲಕ್ಕಿಂತ ಒಳ್ಳೆಯ ಪರೀಕ್ಷೆ ಚಂಚಲ್ ಕುಮಾರ್ ಮಜುಂದಾರ್ ಮತ್ತು ದೀಪನ್ ಘೋಷ್ 1969ರಲ್ಲಿ ಬಿಡಿಸಿದ ಸರಪಳಿ. ಪಕ್ಕದ ತಾಣದೊಂದಿಗೆ ಜೋಡಣೆ 1, ಒಂದನ್ನು ಬಿಟ್ಟು ಮುಂದಿನದರೊಂದಿಗೆ 0.5. ತೆರೆದ ತುದಿಯ, ಸಮಸಂಖ್ಯೆಯ ತಾಣಗಳ ಸರಪಳಿಗೆ ಗ್ರೌಂಡ್ ಸ್ಟೇಟ್ ಶಕ್ತಿ ತಾಣವೊಂದಕ್ಕೆ ನಿಖರವಾಗಿ -3/8. 20 ತಾಣಕ್ಕೆ -7.5, ಒಂದು ದಶಮಾಂಶವೂ ಆಚೀಚೆ ಇಲ್ಲ. ಸ್ಥಿತಿಯೂ ಅಷ್ಟೇ ಸರಳ. 1-2, 3-4, 5-6 ಹೀಗೆ ಜೋಡಿ ಜೋಡಿಯಾಗಿ ಸಿಂಗ್ಲೆಟ್ (ಒಟ್ಟು ಸ್ಪಿನ್ ಸೊನ್ನೆ). ಹಾಗಾಗಿ ಲೆಕ್ಕ ಮುಗಿದ ಮೇಲೆ ಲಿಂಕ್‌ಗಳ ಬಾಂಡ್ ಡೈಮೆನ್ಶನ್ 2, 1, 2, 1 ಎಂದು ಬರಬೇಕು; ಎಂಟ್ಯಾಂಗಲ್‌ಮೆಂಟ್ ಎಂಟ್ರೊಪಿ (ಲಿಂಕ್‌ನ ಎರಡು ಬದಿಗಳು ಎಷ್ಟು ಹೆಣೆದುಕೊಂಡಿವೆ ಎಂಬ ಅಳತೆ) 0.693, 0, 0.693, 0 ಎಂದು. ಶಕ್ತಿ ಸರಿ ಬಂದು ಬಾಂಡ್ ಡೈಮೆನ್ಶನ್ 15 ಎಂದು ತೋರಿಸಿದರೆ ನಾಯ್ಸ್ (ಲೆಕ್ಕ ಸಿಕ್ಕಿಕೊಳ್ಳದಂತೆ ಬೆರೆಸುವ ಸಣ್ಣ ಕದಡಿಕೆ) ಸೊನ್ನೆಗೆ ಇಳಿಸದೆ ಬಿಟ್ಟಿದ್ದೀರಿ, ಇಲ್ಲವೇ ಕಟ್‌ಆಫ್ ಸೊನ್ನೆ ಇದೆ. ಹ್ಯಾಮಿಲ್ಟೋನಿಯನ್, ಎರಡನೇ ನೆರೆಯ ಲೂಪ್, ಕಟ್‌ಆಫ್, ಎಂಟ್ರೊಪಿಯ ಫಂಕ್ಷನ್ ನಾಲ್ಕಕ್ಕೂ ಒಂದೇ ಏಟಿಗೆ ಪರೀಕ್ಷೆ ಆಗುತ್ತದೆ.

ಉದ್ದದ ಸರಪಳಿಯ ಫಲಿತಾಂಶವನ್ನು ಪುಸ್ತಕದ ಸಂಖ್ಯೆಯೊಂದಿಗೆ ಹೋಲಿಸುವಾಗ ಒಂದು ಗೊಂದಲ ಪದೇ ಪದೇ ಆಗುತ್ತದೆ. ಅರ್ಧ ಸ್ಪಿನ್ ಹೈಸೆನ್‌ಬರ್ಗ್‌ನ ಅನಂತ ಸರಪಳಿಗೆ ಬೇಥೆ ವಿಧಾನದ ನಿಖರ ಉತ್ತರ ತಾಣವೊಂದಕ್ಕೆ 1/4 ಕಳೆ ಲಾಗ್ 2 (ಸಹಜ ಲಾಗ್), ಅಂದರೆ -0.443147. ಐಟೆನ್ಸರ್ 100 ತಾಣಕ್ಕೆ ಕೊಡುವುದು -44.1277, 100ರಿಂದ ಭಾಗಿಸಿದರೆ -0.44128. ಮೂರನೇ ಅಂಕಿಯಲ್ಲೇ ವ್ಯತ್ಯಾಸ. ಲೆಕ್ಕ ಕೂಡಿಬಂದಿಲ್ಲ ಎಂದುಕೊಂಡು ಮ್ಯಾಕ್ಸ್‌ಡಿಮ್ ಏರಿಸುತ್ತಾ ಕೂತರೆ ಒಂದಿಷ್ಟೂ ಬದಲಾಗುವುದಿಲ್ಲ, ಏಕೆಂದರೆ ಅದು ಲೆಕ್ಕದ ತಪ್ಪೇ ಅಲ್ಲ. ತೆರೆದ ತುದಿಗಳು ಸೇರಿಸುವ ಸುಮಾರು 0.19ರಷ್ಟು ಶಕ್ತಿ. 102 ತಾಣದ ಶಕ್ತಿಯಿಂದ 100 ತಾಣದ್ದನ್ನು ಕಳೆದು ಎರಡರಿಂದ ಭಾಗಿಸಿ. ತುದಿಯ ಪಾಲು ಕಳೆದುಹೋಗಿ -0.4431 ಬರುತ್ತದೆ.

ಈಗ ಕೆಡುವ ಬಗೆಗಳು. ಮೊದಲನೆಯದು ಅತ್ಯಂತ ಅಪಾಯದ್ದು, ಏಕೆಂದರೆ ಸದ್ದೇ ಇರುವುದಿಲ್ಲ. ಆಪ್‌ಸಮ್‌ಗೆ ಎಸ್-ಪ್ಲಸ್ ಎಸ್-ಮೈನಸ್ ಸೇರಿಸಿ ತಿರುವುಮುರುವಾದ ಪದ ಸೇರಿಸಲು ಮರೆತರೆ ಹ್ಯಾಮಿಲ್ಟೋನಿಯನ್ ಹರ್ಮಿಶಿಯನ್ (ಶಕ್ತಿ ಯಾವಾಗಲೂ ವಾಸ್ತವ ಸಂಖ್ಯೆಯಾಗಿ ಬರುವ ಬಗೆ) ಆಗಿ ಉಳಿಯುವುದಿಲ್ಲ. ಡಿಎಂಆರ್‌ಜಿ ಫಂಕ್ಷನ್ ಅದನ್ನು ಹರ್ಮಿಶಿಯನ್ ಎಂದೇ ನಂಬಿಕೊಂಡು ಲೆಕ್ಕ ಮುಂದುವರಿಸುತ್ತದೆ. ಶಕ್ತಿ ಸ್ವೀಪ್‌ನಿಂದ ಸ್ವೀಪ್‌ಗೆ ಇಳಿಯುತ್ತದೆ, ನಿಲ್ಲುತ್ತದೆ, ನೋಡಲು ಚೆಂದವಾಗಿಯೇ ಇರುತ್ತದೆ. ಸಂಖ್ಯೆಗೆ ಮಾತ್ರ ಅರ್ಥವಿಲ್ಲ. ಹಬ್ಬರ್ಡ್ ಮಾದರಿಯಲ್ಲಿ ಮೇಲ್-ಸ್ಪಿನ್‌ಗೆ ಎರಡು, ಕೆಳ-ಸ್ಪಿನ್‌ಗೆ ಎರಡು, ಒಟ್ಟು ನಾಲ್ಕು ಹಾಪಿಂಗ್ ಪದ ಬರೆಯಬೇಕಾದ್ದರಿಂದ ಒಂದು ಬಿಟ್ಟುಹೋಗುವುದು ಅಲ್ಲಿ ಇನ್ನೂ ಸುಲಭ. ಮೇಲೆ ಹೇಳಿದ ಎರಡು ತಾಣದ ಪರೀಕ್ಷೆ ಹಿಡಿಯುವುದು ಇದನ್ನೇ.

ಎರಡನೆಯದು ಕ್ವಾಂಟಮ್ ಸಂಖ್ಯೆಗಳದ್ದು, ಅಂದರೆ ಒಟ್ಟು ಸ್ಪಿನ್, ಎಲೆಕ್ಟ್ರಾನ್ ಸಂಖ್ಯೆಯಂಥ ಬದಲಾಗದ ಮೊತ್ತಗಳದ್ದು. ತಾಣಗಳನ್ನು ಮಾಡುವಾಗ ಕನ್ಸರ್ವ್ ಕ್ಯೂಎನ್ಸ್ ಎಂಬ ಆಯ್ಕೆ ಹಾಕಿದರೆ ಟೆನ್ಸರ್‌ಗಳು ಚಿಕ್ಕ ಚಿಕ್ಕ ಬ್ಲಾಕ್‌ಗಳಾಗಿ ಒಡೆದು ವೇಗವೂ ಹೆಚ್ಚುತ್ತದೆ, ಮೆಮೊರಿಯೂ ಉಳಿಯುತ್ತದೆ. ಹಾಕಲೇಬೇಕಾದ ಆಯ್ಕೆ ಇದು. ಆದರೆ ಆಮೇಲೆ ಯಾವ ವಿಭಾಗದ ಗ್ರೌಂಡ್ ಸ್ಟೇಟ್ ಸಿಗುತ್ತದೆ ಎಂಬುದನ್ನು ನಿರ್ಧರಿಸುವುದು ನೀವು ಕೊಟ್ಟ ಆರಂಭದ ಸ್ಥಿತಿ, ಮತ್ತೇನೂ ಅಲ್ಲ. ಮೇಲೆ-ಕೆಳಗೆ ಎಂದು ಒಂದಾದ ಮೇಲೊಂದು ಇಟ್ಟರೆ ಒಟ್ಟು ಸ್ಪಿನ್ ಸೊನ್ನೆ. ಒಂದೇ ಒಂದನ್ನು ಬದಲಿಸಿದರೆ ಇಡೀ ಲೆಕ್ಕ ಬೇರೆ ವಿಭಾಗಕ್ಕೆ. ಫ್ಲಕ್ಸ್ ಫಂಕ್ಷನ್ ಕರೆದು ಖಚಿತಪಡಿಸಿಕೊಳ್ಳಿ. ಅಲ್ಲಿ ಇನ್ನೊಂದು ಎಡವುಗಲ್ಲು. ಐಟೆನ್ಸರ್ ಸ್ಪಿನ್ನನ್ನು ಅರ್ಧದ ಮಾನದಲ್ಲಿ ಎಣಿಸುತ್ತದೆ, ಆದ್ದರಿಂದ ಎಸ್‌ಝಡ್ (ಸ್ಪಿನ್‌ನ ಝಡ್ ದಿಕ್ಕಿನ ಭಾಗ) 2 ಎಂದು ತೋರಿಸಿದರೆ ಭೌತಿಕವಾಗಿ ಅದು 1. ಈ ಆಯ್ಕೆ ಇದ್ದಾಗ ಎಸ್‌ಎಕ್ಸ್ ಆಪರೇಟರ್ ನೇರವಾಗಿ ಬಳಸಿದರೆ ಎರರ್ ಬರುತ್ತದೆ. ಅದು ಒಳ್ಳೆಯದೇ, ಕನಿಷ್ಠ ಬಾಯಿ ಬಿಟ್ಟು ಹೇಳುತ್ತದೆ.

ಮೂರನೆಯದು ಸಿಕ್ಕಿಕೊಳ್ಳುವುದು. ಎರಡೆರಡೇ ತಾಣ ನೋಡುತ್ತಾ ಸಾಗುವ ವಿಧಾನವಾದ್ದರಿಂದ ದೂರದ ಒಂದು ಎಲೆಕ್ಟ್ರಾನನ್ನು ಈಚೆ ತರುವುದು ಅದಕ್ಕೆ ಕಷ್ಟ. ಎಲ್ಲ ಎಲೆಕ್ಟ್ರಾನ್‌ಗಳನ್ನೂ ಎಡ ಅರ್ಧದಲ್ಲಿ ತುಂಬಿ, ಬಲ ಅರ್ಧ ಖಾಲಿ ಬಿಟ್ಟು ಶುರು ಮಾಡಿದರೆ ಹತ್ತು ಸ್ವೀಪ್ ಆದರೂ ಪೂರ್ತಿ ಹರಡಿರುವುದಿಲ್ಲ. ಆರಂಭದಲ್ಲೇ ಸಮವಾಗಿ ಹರಡಿ ಇಡಿ. ಜೊತೆಗೆ ನಾಯ್ಸ್ ಕೊಡಿ. ಮೊದಲ ಸ್ವೀಪ್‌ಗಳಿಗೆ 10ರ ಮೈನಸ್ 6, ಆಮೇಲೆ ಮೈನಸ್ 7, ಮೈನಸ್ 8, ಕೊನೆಯ ಎರಡು ಮೂರಕ್ಕೆ ಕಡ್ಡಾಯವಾಗಿ ಸೊನ್ನೆ. ಸಂಪೂರ್ಣ ಬೇರೆ ಬೇರೆ ಎರಡು ಆರಂಭದ ಸ್ಥಿತಿಯಿಂದ ಹೊರಟು ಒಂದೇ ಶಕ್ತಿಗೆ ಬಂದರೆ ಧೈರ್ಯ ತಂದುಕೊಳ್ಳಬಹುದು. ಸರಪಳಿಯ ಮೇಲೆ ಎಕ್ಸ್‌ಪೆಕ್ಟ್ ಫಂಕ್ಷನ್‌ನಿಂದ ಎಸ್‌ಝಡ್ ಮುದ್ರಿಸಿ ನೋಡುವುದೂ ಅಗ್ಗದ ಪರೀಕ್ಷೆ. ಸಿಂಗ್ಲೆಟ್ ಆಗಬೇಕಾದ ಗ್ರೌಂಡ್ ಸ್ಟೇಟ್‌ನಲ್ಲಿ ಎಲ್ಲ ತಾಣಕ್ಕೂ ಸೊನ್ನೆ ಬರಬೇಕು. ಪ್ಲಸ್, ಮೈನಸ್, ಪ್ಲಸ್, ಮೈನಸ್ ಎಂಬ ಗುರುತು ಉಳಿದಿದ್ದರೆ ಅದು ನೀವು ಕೊಟ್ಟ ಆರಂಭದ ಸ್ಥಿತಿಯ ಪಳೆಯುಳಿಕೆ.

ಕೊನೆಯ ಮಾತು ಹೇಳುವುದು ವೇರಿಯನ್ಸ್. ಹ್ಯಾಮಿಲ್ಟೋನಿಯನ್‌ನ ವರ್ಗದ ಸರಾಸರಿಯಿಂದ ಶಕ್ತಿಯ ವರ್ಗವನ್ನು ಕಳೆದರೆ ನಿಜವಾದ ಐಗನ್ ಸ್ಥಿತಿಗೆ (ಶಕ್ತಿಗೆ ಖಚಿತವಾದ ಒಂದೇ ಬೆಲೆ ಇರುವ ಸ್ಥಿತಿಗೆ) ಸೊನ್ನೆ ಬರಬೇಕು. ಇನ್ನರ್ ಫಂಕ್ಷನ್‌ಗೆ ಎಂಪಿಒ (ಟೆನ್ಸರ್‌ಗಳ ಸರಪಳಿಯಾಗಿ ಬರೆದ ಹ್ಯಾಮಿಲ್ಟೋನಿಯನ್) ಮತ್ತು ಸ್ಥಿತಿಯನ್ನು ಎರಡೆರಡು ಸಲ ಕೊಟ್ಟರೆ ಒಂದೇ ಸಾಲಿನಲ್ಲಿ ಆಗುತ್ತದೆ. ಆದರೆ ವೇರಿಯನ್ಸ್ ಸೊನ್ನೆ ಬಂದರೂ ಅದು ಗ್ರೌಂಡ್ ಸ್ಟೇಟ್ ಎಂದು ಖಾತ್ರಿಯಿಲ್ಲ, ಯಾವುದೋ ಒಂದು ಐಗನ್ ಸ್ಥಿತಿ ಎಂದಷ್ಟೇ.

ಉತ್ತೇಜಿತ ಸ್ಥಿತಿಗಳ ವಿಷಯಕ್ಕೆ ಬಂದರೆ ಸ್ಪಿನ್ 1ರ ಸರಪಳಿಯೇ ಒಳ್ಳೆಯ ಪಾಠ. ಪೂರ್ಣಾಂಕ ಸ್ಪಿನ್‌ನ ಸರಪಳಿಗೆ ಶಕ್ತಿಯ ಅಂತರ ಇರುತ್ತದೆ ಎಂದು ಡಂಕನ್ ಹಾಲ್ಡೇನ್ 1983ರಲ್ಲಿ ಹೇಳಿದರು. ಅದರ ಬೆಲೆ 0.4105 ಎಂಬುದು ಡಿಎಂಆರ್‌ಜಿಯ ಮೊದಲ ದೊಡ್ಡ ಸಾಧನೆಗಳಲ್ಲೊಂದು. ಅದನ್ನು ನೋಡಲೆಂದು ತೆರೆದ ಸರಪಳಿಯ ಮೊದಲ ಎರಡು ಸ್ಥಿತಿಗಳ ಅಂತರ ತೆಗೆದರೆ ಬರುವುದು ಹೆಚ್ಚುಕಡಿಮೆ ಸೊನ್ನೆ! ಕಾರಣ, ತೆರೆದ ತುದಿಗಳಲ್ಲಿ ಒಂದೊಂದು ಅರ್ಧ ಸ್ಪಿನ್ ಬಿಡಿಯಾಗಿ ಉಳಿಯುತ್ತದೆ. ಅವೆರಡೂ ಸೇರಿ ನಾಲ್ಕು ಸ್ಥಿತಿಗಳು ಬಹುತೇಕ ಒಂದೇ ಶಕ್ತಿಯಲ್ಲಿರುತ್ತವೆ. ಸರಿಯಾದ ದಾರಿ ಎಂದರೆ ಒಟ್ಟು ಎಸ್‌ಝಡ್ 1 ಮತ್ತು 2ರ ವಿಭಾಗಗಳಲ್ಲಿ ಬೇರೆ ಬೇರೆ ಗ್ರೌಂಡ್ ಸ್ಟೇಟ್ ತೆಗೆದು ವ್ಯತ್ಯಾಸ ನೋಡುವುದು. ಫ್ಲಕ್ಸ್‌ನಲ್ಲಿ ಅವು 2 ಮತ್ತು 4 ಎಂದು ಕಾಣುತ್ತವೆ. 100 ತಾಣಕ್ಕೆ 0.4105ಕ್ಕಿಂತ ತುಸು ಮೇಲೆ ಬರುತ್ತದೆ, ಉದ್ದ ಹೆಚ್ಚಿಸಿದಂತೆ ಉದ್ದದ ವರ್ಗಕ್ಕೆ ವಿಲೋಮವಾಗಿ ಇಳಿಯುತ್ತದೆ. ಇಲ್ಲವೇ ಎರಡೂ ತುದಿಗೆ ನಿಜವಾದ ಅರ್ಧ ಸ್ಪಿನ್ ಒಂದೊಂದನ್ನು ಅಂಟಿಸಿ. ಬೇರೆ ಬೇರೆ ಬಗೆಯ ತಾಣಗಳನ್ನು ಬೆರೆಸಲು ಐಟೆನ್ಸರ್ ಅಡ್ಡಿಪಡಿಸುವುದಿಲ್ಲ.

ಒಂದೇ ವಿಭಾಗದೊಳಗೆ ಎರಡನೇ ಸ್ಥಿತಿ ಬೇಕಾದರೆ, ಮೊದಲು ಸಿಕ್ಕ ಸ್ಥಿತಿಯನ್ನು ಪಟ್ಟಿಯಾಗಿ ಕೊಟ್ಟು ವೆಯ್ಟ್ ಎಂಬ ದಂಡ ಹಾಕುವ ವ್ಯವಸ್ಥೆ ಇದೆ. ವೆಯ್ಟ್ ನಿರೀಕ್ಷಿತ ಅಂತರಕ್ಕಿಂತ ದೊಡ್ಡದಿರಬೇಕು, ಇಲ್ಲದಿದ್ದರೆ ಮತ್ತೆ ಮೊದಲಿನದೇ ಬಂದು ಕೂರುತ್ತದೆ. ಮುದ್ರಿತವಾಗುವ ಶಕ್ತಿಯಲ್ಲಿ ದಂಡದ ಪಾಲೂ ಸೇರಿರುತ್ತದೆ. ಆದ್ದರಿಂದ ಶಕ್ತಿಯನ್ನೂ, ಎರಡು ಸ್ಥಿತಿಗಳ ನಡುವಿನ ಓವರ್‌ಲ್ಯಾಪನ್ನೂ ಇನ್ನರ್‌ನಿಂದ ಪ್ರತ್ಯೇಕವಾಗಿ ಲೆಕ್ಕ ಹಾಕಿ.

ಎಲೆಕ್ಟ್ರಾನ್‌ಗಳ ವಿಷಯದಲ್ಲಿ ಐಟೆನ್ಸರ್‌ಗೆ ಪೂರ್ಣಾಂಕ ಕೊಡಬೇಕು. ಫರ್ಮಿಯಾನ್‌ಗಳ ಅದಲುಬದಲಿನಲ್ಲಿ ಬರುವ ಮೈನಸ್ ಚಿಹ್ನೆಯನ್ನು ಆಪ್‌ಸಮ್ ತಾನೇ ನೋಡಿಕೊಳ್ಳುತ್ತದೆ. ಕೋರಿಲೇಶನ್ ಮ್ಯಾಟ್ರಿಕ್ಸ್ ಫಂಕ್ಷನ್ ಕೂಡ. ಆದರೆ ಇವೆರಡನ್ನೂ ಬಿಟ್ಟು ನೀವೇ ಆಪರೇಟರ್ ಟೆನ್ಸರನ್ನು ತಾಣದ ಮೇಲೆ ಹಚ್ಚಿದಿರೋ, ನಡುವಿನ ಪ್ರತಿ ತಾಣಕ್ಕೂ ಆ ಚಿಹ್ನೆಯನ್ನು ತರುವ ಎಫ್ ಆಪರೇಟರ್ ಹಾಕುವ ಹೊಣೆಯೂ ನಿಮ್ಮದೇ. ಮರೆತರೆ ಪಕ್ಕದ ತಾಣಗಳ ಫಲಿತಾಂಶ ಸರಿಯಾಗಿಯೇ ಕಾಣಿಸಬಹುದು, ದೂರದ್ದು ಕೆಟ್ಟಿರುತ್ತದೆ.

ಎರಡು ಆಯಾಮಕ್ಕೆ ಹೋದಾಗ ಬೆಲೆ ತಿಳಿಯುತ್ತದೆ. ಚೌಕ ಹಾಗೂ ತ್ರಿಕೋನ ಜಾಲರಿಯ ನೆರೆಹೊರೆಯ ಪಟ್ಟಿ ಮಾಡಿಕೊಡುವ ಸಿದ್ಧ ಫಂಕ್ಷನ್‌ಗಳಿವೆ. ಸಿಲಿಂಡರ್ ಬೇಕಾದರೆ ಒಂದು ಆಯ್ಕೆ ಬದಲಿಸಿದರಾಯಿತು. ಕೋಡ್ ಬರೆಯುವುದು ಹತ್ತು ನಿಮಿಷದ ಕೆಲಸ. ಆದರೆ ಎಂಟ್ರೊಪಿ ಸಿಲಿಂಡರಿನ ಸುತ್ತಳತೆಗೆ ಅನುಪಾತದಲ್ಲಿ ಬೆಳೆಯುತ್ತದೆ, ಬೇಕಾಗುವ ಬಾಂಡ್ ಡೈಮೆನ್ಶನ್ ಆ ಎಂಟ್ರೊಪಿಯ ಘಾತದಲ್ಲಿ ಬೆಳೆಯುತ್ತದೆ. ಹಬ್ಬರ್ಡ್ ಮಾದರಿಗೆ ಸುತ್ತಳತೆ 4 ಇದ್ದರೆ ಕೆಲವು ಸಾವಿರ ಬೇಕು. 6ಕ್ಕೆ ಹತ್ತು ಸಾವಿರ ದಾಟುತ್ತದೆ. ಉದ್ದ ಹೆಚ್ಚಿಸುವುದಕ್ಕೆ ಅಂಥ ಖರ್ಚಿಲ್ಲ, ಸುತ್ತಳತೆ ಹೆಚ್ಚಿಸುವುದಕ್ಕೇ ಎಲ್ಲ ಖರ್ಚು. ಸರಪಳಿಯನ್ನು ಉಂಗುರ ಮಾಡುವುದೂ ದುಬಾರಿ. ಎರಡು ಕಡೆ ಕತ್ತರಿಸಿದಂತಾಗುವುದರಿಂದ ಅಷ್ಟೇ ನಿಖರತೆಗೆ ಬಾಂಡ್ ಡೈಮೆನ್ಶನ್ ಹೆಚ್ಚುಕಡಿಮೆ ವರ್ಗಕ್ಕೆ ಏರುತ್ತದೆ. ಪಠ್ಯಪುಸ್ತಕ ಉಂಗುರವನ್ನೇ ಹೇಳಿಕೊಟ್ಟಿದ್ದರೂ ಇಲ್ಲಿ ತೆರೆದ ತುದಿಯೇ ಲೇಸು.

ಮೆಮೊರಿ ತುಂಬುವುದು ಎಲ್ಲಿ ಎಂದು ಗೊತ್ತಿರಲಿ. ಕ್ವಾಂಟಮ್ ಸಂಖ್ಯೆಗಳ ಉಳಿತಾಯ ಬಿಟ್ಟು ಲೆಕ್ಕ ಹಾಕಿದರೆ, 100 ಅರ್ಧ ಸ್ಪಿನ್‌ಗೆ ಬಾಂಡ್ ಡೈಮೆನ್ಶನ್ 1000 ಆದಾಗ ಸ್ಥಿತಿಗೆ ಬೇಕಾಗುವುದು 1.6 ಜಿಬಿ. ಎಡಬಲದ ಎನ್ವಿರಾನ್‌ಮೆಂಟ್ ಟೆನ್ಸರ್‌ಗಳಿಗೆ, ಹೈಸೆನ್‌ಬರ್ಗ್‌ನ ಎಂಪಿಒ ಅಗಲ 5 ಆಗಿರುವುದರಿಂದ, ಸುಮಾರು 4 ಜಿಬಿ. ಸಿಲಿಂಡರ್‌ಗಳಲ್ಲಿ ಆ ಅಗಲ ಇನ್ನೂ ಹೆಚ್ಚು, ಹಾಗಾಗಿ ಸ್ಥಿತಿಗಿಂತ ಇವೇ ಮೊದಲು ಮೆಮೊರಿ ನುಂಗುತ್ತವೆ. ಬಾಂಡ್ ಡೈಮೆನ್ಶನ್ ಇಂತಿಷ್ಟು ದಾಟಿದರೆ ಎನ್ವಿರಾನ್‌ಮೆಂಟ್‌ಗಳನ್ನು ಡಿಸ್ಕಿಗೆ ಬರೆ ಎಂದು ಹೇಳುವ ಆಯ್ಕೆ ಡಿಎಂಆರ್‌ಜಿಗೇ ಇದೆ. ಎಸ್‌ಎಸ್‌ಡಿ ಇದ್ದರೆ ನಡೆಯುತ್ತದೆ. ಕ್ಲಸ್ಟರಿನ ಹಂಚಿಕೆಯ ಡಿಸ್ಕಿನ ಮೇಲೆ ಇದನ್ನು ಮಾಡಿದರೆ ಲೆಕ್ಕವೂ ನಿಧಾನ, ಸಹಪಾಠಿಗಳ ಶಾಪವೂ ತಪ್ಪದು.

ಥ್ರೆಡ್‌ಗಳ ಹೊಂದಾಣಿಕೆ ಕೈಯಾರೆ ಮಾಡಬೇಕು. ಕ್ವಾಂಟಮ್ ಸಂಖ್ಯೆ ಇಲ್ಲದ ಲೆಕ್ಕಕ್ಕೆ ಬ್ಲಾಸ್ (ಮ್ಯಾಟ್ರಿಕ್ಸ್ ಗುಣಾಕಾರದ ಲೈಬ್ರರಿ) ಥ್ರೆಡ್ ಹೆಚ್ಚಿಸಿದರೆ ಲಾಭ. ಇರುವ ಲೆಕ್ಕಕ್ಕೆ ಬ್ಲಾಕ್-ಸ್ಪಾರ್ಸ್ ಥ್ರೆಡಿಂಗ್ ಚಾಲೂ ಮಾಡಿ, ಬ್ಲಾಸ್ ಅನ್ನು ಒಂದೇ ಥ್ರೆಡ್‌ಗೆ ಇಳಿಸಬೇಕು. ಎರಡನ್ನೂ ಏರಿಸಿದರೆ ಒಂದನ್ನೊಂದು ತಳ್ಳಾಡಿ ಒಂದೇ ಥ್ರೆಡ್‌ಗಿಂತ ನಿಧಾನವಾಗುವುದುಂಟು. ಇಂಟೆಲ್ ಯಂತ್ರವಾದರೆ ಅದೇ ಕಂಪನಿಯ ಲೈಬ್ರರಿ ಎಂಕೆಎಲ್ ಲೋಡ್ ಮಾಡಿ ನೋಡುವುದು ಒಳ್ಳೆಯದು.

ಕಾಲದೊಂದಿಗೆ ಸ್ಥಿತಿ ಹೇಗೆ ಬದಲಾಗುತ್ತದೆ ಎಂಬ ಲೆಕ್ಕಕ್ಕೆ ಎರಡು ದಾರಿ ಕೊಟ್ಟಿದ್ದಾರೆ. ನೆರೆಯ ಜೋಡಣೆ ಮಾತ್ರ ಇದ್ದರೆ ಟಿಇಬಿಡಿ, ಅಂದರೆ ಕಾಲವನ್ನು ಸಣ್ಣ ಹೆಜ್ಜೆಗಳಾಗಿ ಒಡೆದು ಜೋಡಿ ಜೋಡಿಯಾಗಿ ಮುಂದೊಯ್ಯುವುದು. ಪ್ರತಿ ಜೋಡಿಗೆ ಅರ್ಧ ಹೆಜ್ಜೆಯ ಗೇಟ್ ಮಾಡಿ, ಎಡದಿಂದ ಬಲಕ್ಕೊಮ್ಮೆ, ಬಲದಿಂದ ಎಡಕ್ಕೊಮ್ಮೆ ಹಚ್ಚಿದರೆ ತಪ್ಪು ಹೆಜ್ಜೆಯ ವರ್ಗಕ್ಕೆ ಇಳಿಯುತ್ತದೆ. ದೂರದ ಜೋಡಣೆ ಇದ್ದರೆ ಟಿಡಿವಿಪಿ, ಅಂದರೆ ಡಿಎಂಆರ್‌ಜಿಯಂತೆಯೇ ಸ್ವೀಪ್ ಮಾಡುತ್ತಾ ಇಡೀ ಹ್ಯಾಮಿಲ್ಟೋನಿಯನ್‌ನಿಂದ ಮುಂದೊಯ್ಯುವುದು. ಅಲ್ಲಿ ಕಾಲದ ಮುಂದೆ ಮೈನಸ್ ಐ ಹಾಕಲು ಮರೆತರೆ ನಿಜಕಾಲದ ಬದಲು ಕಾಲ್ಪನಿಕ ಕಾಲದಲ್ಲಿ ಸಾಗಿ ಸ್ಥಿತಿ ಎತ್ತಲೋ ಹೋಗಿರುತ್ತದೆ. ಒಂದು ತಾಣದ ಟಿಡಿವಿಪಿಯಲ್ಲಿ ಬಾಂಡ್ ಡೈಮೆನ್ಶನ್ ಬೆಳೆಯುವುದಿಲ್ಲ. ಪ್ರಾಡಕ್ಟ್ ಸ್ಟೇಟ್‌ನಿಂದ (ತಾಣಗಳು ಹೆಣೆದುಕೊಂಡಿರದ ಸ್ಥಿತಿಯಿಂದ) ಹೊರಟವರು ಎರಡು ತಾಣದ್ದನ್ನೇ ಬಳಸಬೇಕು. ಹೆಜ್ಜೆ ಸಣ್ಣದಾದಷ್ಟೂ ಒಳ್ಳೆಯದೆಂಬ ನಂಬಿಕೆಯೂ ತಪ್ಪು, ಏಕೆಂದರೆ ಪ್ರತಿ ಹೆಜ್ಜೆಗೂ ಒಂದಿಷ್ಟು ಕತ್ತರಿಸಲಾಗುತ್ತದೆ, ಹೆಜ್ಜೆ ಹೆಚ್ಚಾದರೆ ಆ ನಷ್ಟವೂ ಕೂಡುತ್ತದೆ. 0.05ರಿಂದ 0.1 ಎಂಬುದು ಸ್ಪಿನ್ ಸರಪಳಿಗಳಿಗೆ ಹೊಂದುವ ಅಳತೆ.

ಟಿಇಬಿಡಿಯ ಉದಾಹರಣೆ ಕೋಡ್‌ಗಳಲ್ಲಿ ಪ್ರತಿ ಹೆಜ್ಜೆಗೂ ನಾರ್ಮಲೈಸ್ ಮಾಡುವ ಸಾಲಿರುತ್ತದೆ. ಅದಕ್ಕೆ ಮೊದಲು ನಾರ್ಮ್ ಮುದ್ರಿಸಿಕೊಳ್ಳಿ. ಅದರ ವರ್ಗ 1ರಿಂದ ಎಷ್ಟು ಇಳಿದಿದೆಯೋ ಅಷ್ಟು ತೂಕ ಕತ್ತರಿಸಿ ಹೋಗಿದೆ. ನಾರ್ಮಲೈಸ್ ಆದಮೇಲೆ ಆ ಸುಳಿವೇ ಉಳಿಯುವುದಿಲ್ಲ. ಇಡೀ ಸರಪಳಿಯನ್ನು ಒಮ್ಮೆಲೇ ಕದಡಿದ ಲೆಕ್ಕಗಳಲ್ಲಿ ಎಂಟ್ರೊಪಿ ಸಾಮಾನ್ಯವಾಗಿ ಕಾಲದೊಂದಿಗೆ ನೇರವಾಗಿ ಏರುತ್ತದೆ. ಬಾಂಡ್ ಡೈಮೆನ್ಶನ್ 1000 ಹಿಡಿದಿಡಬಲ್ಲ ಎಂಟ್ರೊಪಿ ಹೆಚ್ಚೆಂದರೆ 6.9. ಅದರ ಹತ್ತಿರ ಬಂದಮೇಲೆ ಗ್ರಾಫ್ ಎಷ್ಟೇ ನಯವಾಗಿ ಮುಂದುವರಿದರೂ ಅಲ್ಲಿಗೆ ಗೆರೆ ಹಾಕಿ ನಿಲ್ಲಿಸಬೇಕು. 2000 ಮಾಡಿದರೆ 7.6 ಆಗುತ್ತದೆ, ಎಂಟು ಪಟ್ಟು ಸಮಯ ತೆತ್ತು ಗಿಟ್ಟುವುದು ಇಷ್ಟೇ.

ಸ್ಥಿತಿಯನ್ನು ಎಚ್‌ಡಿಎಫ್5 ಫೈಲಿನಲ್ಲಿ ಉಳಿಸುವುದು ಎರಡು ಸಾಲಿನ ಕೆಲಸ. ಮತ್ತೆ ತೆರೆಯುವಾಗ ಮಾತ್ರ ಹೊಸಬರಲ್ಲಿ ಅನೇಕರು ಎಡವುತ್ತಾರೆ. ಐಟೆನ್ಸರ್‌ನಲ್ಲಿ ಪ್ರತಿ ಇಂಡೆಕ್ಸ್‌ಗೂ ಅದರದ್ದೇ ಗುರುತಿನ ಸಂಖ್ಯೆ ಇರುತ್ತದೆ. ಮರುದಿನ ಕೋಡನ್ನು ಮೇಲಿನಿಂದ ಓಡಿಸಿದಾಗ ಸೈಟ್‌ಇಂಡ್ಸ್ ಹೊಸ ಗುರುತಿನ ತಾಣಗಳನ್ನು ಸೃಷ್ಟಿಸುತ್ತದೆ, ಅವುಗಳ ಮೇಲೆ ಹೊಸ ಹ್ಯಾಮಿಲ್ಟೋನಿಯನ್ ಕಟ್ಟಲಾಗುತ್ತದೆ, ಫೈಲಿನಿಂದ ಬಂದ ಸ್ಥಿತಿ ಮಾತ್ರ ನಿನ್ನೆಯ ಗುರುತುಗಳನ್ನು ಹೊತ್ತಿರುತ್ತದೆ. ಎರಡೂ ಅರ್ಧ ಸ್ಪಿನ್‌ನ 100 ತಾಣಗಳೇ. ಆದರೂ ಇಂಡೆಕ್ಸ್ ಹೊಂದುತ್ತಿಲ್ಲ ಎಂಬ ಎರರ್. ಮೊದಲು ಫೈಲಿನಿಂದ ಸ್ಥಿತಿಯನ್ನು ಓದಿ, ಅದಕ್ಕೇ ಸೈಟ್‌ಇಂಡ್ಸ್ ಕೇಳಿ, ಬಂದ ತಾಣಗಳ ಮೇಲೆ ಹ್ಯಾಮಿಲ್ಟೋನಿಯನ್ ಕಟ್ಟಿದರೆ ಎಲ್ಲ ಸರಿ. ಈ ಗುರುತಿನ ವ್ಯವಸ್ಥೆ ಮೊದಲಿಗೆ ಕಿರಿಕಿರಿ ಅನ್ನಿಸಿದರೂ, ಟೆನ್ಸರ್‌ಗಳ ಯಾವ ಕಾಲು ಯಾವುದಕ್ಕೆ ಸೇರಬೇಕು ಎಂಬ ಕ್ರಮವನ್ನು ತಲೆಯಲ್ಲಿ ಇಟ್ಟುಕೊಳ್ಳುವ ಕಷ್ಟವನ್ನು ತಪ್ಪಿಸಿರುವುದೂ ಇದೇ.

ಐಟೆನ್ಸರ್ ಬೇಡವಾದ ಸಂದರ್ಭಗಳೂ ಇವೆ. ಅನಂತ ಉದ್ದದ ಸರಪಳಿಯ ಲೆಕ್ಕವೇ ಮುಖ್ಯವಾದರೆ ಪೈಥಾನಿನ ಟೆನ್‌ಪೈ ಹೆಚ್ಚು ಪಕ್ವವಾಗಿದೆ, ಬೌಂಡರಿಯ ಆಯ್ಕೆಯಲ್ಲಿ ಇನ್ಫಿನಿಟ್ ಎಂದು ಬರೆದರೆ ಸಾಕು. ಪೈಥಾನ್ ಬಿಟ್ಟು ಬರಲು ಮನಸ್ಸಿಲ್ಲದವರಿಗೂ ಅದೇ ಸರಿ. ಸ್ಪಿನ್‌ನ ಪೂರ್ಣ ಎಸ್‌ಯು2 ಸಮ್ಮಿತಿಯನ್ನು (ಎಲ್ಲ ದಿಕ್ಕೂ ಒಂದೇ ಎಂಬುದನ್ನು) ಬಳಸಿ ಬಾಂಡ್ ಡೈಮೆನ್ಶನ್ ಉಳಿಸಬೇಕೆಂದರೆ ಐಟೆನ್ಸರ್, ಟೆನ್‌ಪೈ ಎರಡೂ ಸಾಲವು. ಅದಕ್ಕೆ ಜೂಲಿಯಾದಲ್ಲೇ ಎಂಪಿಎಸ್‌ಕಿಟ್ ಇದೆ. ಅಣುಗಳ ಎಲೆಕ್ಟ್ರಾನ್ ರಚನೆಯಂಥ ಲೆಕ್ಕದಲ್ಲಿ ಪದಗಳ ಸಂಖ್ಯೆ ಆರ್ಬಿಟಲ್‌ಗಳ ನಾಲ್ಕನೇ ಘಾತದಲ್ಲಿ ಬೆಳೆಯುವುದರಿಂದ ಆಪ್‌ಸಮ್ ಏದುಸಿರು ಬಿಡುತ್ತದೆ. ಆ ಕೆಲಸಕ್ಕೆಂದೇ ಮಾಡಿದ ಬ್ಲಾಕ್2 ಬಳಸಿ. 20 ಸ್ಪಿನ್‌ನೊಳಗಿನ ಲೆಕ್ಕಕ್ಕೆ, ಅದರಲ್ಲೂ ಪೂರ್ತಿ ಸ್ಪೆಕ್ಟ್ರಮ್ ಅಥವಾ ದೀರ್ಘಕಾಲದ ಚಲನೆ ಬೇಕಿದ್ದಾಗ, ಪೈಥಾನಿನ ಕ್ಯೂಸ್ಪಿನ್‌ನಲ್ಲಿ ನೇರವಾಗಿ ಡಯಾಗನಲೈಸ್ ಮಾಡುವುದೇ ಜಾಣತನ. ಚೌಕ ಜಾಲರಿಯ ಸಾಮಾನ್ಯ ಆಂಟಿಫೆರೋಮ್ಯಾಗ್ನೆಟ್‌ನಂಥ, ಫ್ರಸ್ಟ್ರೇಶನ್ (ಎಲ್ಲ ಜೋಡಣೆಗಳನ್ನೂ ಒಟ್ಟಿಗೆ ತೃಪ್ತಿಪಡಿಸಲಾಗದ ಇಕ್ಕಟ್ಟು) ಇಲ್ಲದ ಎರಡು ಮೂರು ಆಯಾಮದ ಸ್ಪಿನ್ ಮಾದರಿಗಳಿಗೆ ಕ್ವಾಂಟಮ್ ಮಾಂಟೆ ಕಾರ್ಲೊ ಸಾವಿರಾರು ಸ್ಪಿನ್‌ಗಳನ್ನು ಉಷ್ಣತೆಯ ಸಮೇತ ನಿಭಾಯಿಸುತ್ತದೆ. ಅಲ್ಲಿ ಚಿಹ್ನೆಯ ಸಮಸ್ಯೆ (ಪ್ಲಸ್-ಮೈನಸ್ ಪದಗಳು ಒಂದನ್ನೊಂದು ಕಳೆದು ನಿಖರತೆ ಕೆಡುವುದು) ಇಲ್ಲ, ಐಟೆನ್ಸರ್ ತೆರೆಯುವ ಅಗತ್ಯವೂ ಇಲ್ಲ.